ಆ ಮನೆ ಯಾಕೆ ಅಷ್ಟು ಅಗ್ಗ?

ಶಿಕಾಗೋಗೆ ಹೊಸದಾಗಿ ಬರುವ ಕನ್ನಡದವರು "ಮನೆ ಎಲ್ಲಿ ಮಾಡೋದು?" ಅಂತ ಕೇಳಿದರೆ ಉತ್ತರ ಕೊಡುವುದು ಸುಲಭ. ನೇಪರ್‌ವಿಲ್ ನೋಡಿ, ಬಜೆಟ್ ಕಡಿಮೆ ಇದ್ದರೆ ಅರೋರಾ ನೋಡಿ. ಸ್ಕೂಲಿನ ರೇಟಿಂಗ್ ಚೆನ್ನಾಗಿದೆ, ಬಾಲಾಜಿ ದೇವಸ್ಥಾನ ಹತ್ತಿರ, ಇಂಡಿಯನ್ ದಿನಸಿ ಅಂಗಡಿ ಪಟೇಲ್ ಬ್ರದರ್ಸ್ ಹತ್ತಿರ, ವಿದ್ಯಾರಣ್ಯ ಕನ್ನಡ ಕೂಟದ ಕಾರ್ಯಕ್ರಮಗಳಿಗೆ ಹೋಗಿ ಬರುವುದಕ್ಕೂ ತೊಂದರೆ ಇಲ್ಲ. ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಾಡಿದರೆ ಮುಗಿಯಿತು. ಮಿಕ್ಕಿದ್ದನ್ನು ವಾಟ್ಸಾಪ್ ಗುಂಪು ನೋಡಿಕೊಳ್ಳುತ್ತದೆ.

ಹೋದ ವರ್ಷ ಇದೇ ಪ್ರಶ್ನೆ ಕೇಳಿದವನು ಮೆಂಫಿಸ್‌ನಿಂದ ನಮ್ಮ ಆಫೀಸಿಗೆ ವರ್ಗವಾಗಿ ಬರುತ್ತಿದ್ದ ಗೆಳೆಯ. ಆಫ್ರಿಕನ್-ಅಮೆರಿಕನ್ ಕುಟುಂಬ. ಹೆಂಡತಿ ನರ್ಸ್. ಮಗನಿಗೆ 14, ಮಗಳಿಗೆ 8. ಮೂರು ಲಕ್ಷ ಡಾಲರ್ ಒಳಗೆ ಮನೆ ಬೇಕು, ಡೌನ್‌ಟೌನಿಗೆ ರೈಲು ಇರಬೇಕು, ಎಲ್ಲ ಥರದ ಜನ ಇರಬೇಕು, ತಮ್ಮವರೂ ಇರಬೇಕು. ಇಷ್ಟು ಹೇಳಿದ. ನಾನು ಇನ್ನೂ ಯಾವ ಊರಿನ ಹೆಸರನ್ನೂ ಎತ್ತಿರಲಿಲ್ಲ, ಅಷ್ಟರಲ್ಲಿ ಕೇಳಿದ: "ಮಗ ಆಗಲೇ ನನ್ನಷ್ಟು ಎತ್ತರ ಆಗಿದ್ದಾನೆ. ಸಂಜೆ ಹೊತ್ತು ಓಡೋಕೆ ಹೋಗ್ತಾನೆ, ತಲೆ ಮೇಲೆ ಹುಡ್ ಹಾಕ್ಕೊಂಡು. ಅಲ್ಲಿ ಓಡಬಹುದಾ?"

ಈ ಪ್ರಶ್ನೆಗೆ ಉತ್ತರ ಕೊಡುವ ವೆಬ್‌ಸೈಟು ಯಾವುದೂ ಇಲ್ಲ. 2020ರ ಫೆಬ್ರವರಿಯಲ್ಲಿ ಜಾರ್ಜಿಯಾದಲ್ಲಿ ಅಹ್ಮದ್ ಆರ್ಬರಿ ಓಡುತ್ತಿದ್ದಾಗ ಮೂವರು ಬಿಳಿಯರು ಗಾಡಿಯಲ್ಲಿ ಅಟ್ಟಿಸಿಕೊಂಡು ಹೋದರು, ಒಬ್ಬ ಗುಂಡು ಹಾರಿಸಿ ಕೊಂದ. ಆರ್ಬರಿಗೆ 25 ವರ್ಷ. ಗೆಳೆಯ ಆ ಹೆಸರು ಹೇಳಲಿಲ್ಲ, ನಾನೂ ಹೇಳಲಿಲ್ಲ. ಆದರೆ ಇಬ್ಬರ ತಲೆಯಲ್ಲೂ ಅದೇ ಇತ್ತು. ನಮ್ಮ ಮಕ್ಕಳಿಗೆ ಮನೆ ಹುಡುಕುವಾಗ ನಾವು ಗಣಿತದ ಕ್ಲಾಸಿನ ಬಗ್ಗೆ ಕೇಳುತ್ತೇವೆ. ಇವನು ಮಗ ಮನೆಗೆ ವಾಪಸ್ ಬರುವುದರ ಬಗ್ಗೆ ಕೇಳುತ್ತಿದ್ದ.

ಅಲ್ಲಿಂದ ಶುರುವಾಗಿದ್ದು ನನ್ನ ಓದು, ಓಡಾಟ. ಊರು ಹುಡುಕುವುದರಲ್ಲಿ ಅವರ ಜೊತೆ ಇದ್ದೆ. ಆ ತಿಂಗಳುಗಳಲ್ಲಿ ನೋಡಿದ್ದು, ಕೇಳಿದ್ದು ಈಗಲೂ ತಲೆಯಿಂದ ಹೋಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಏಜೆಂಟ್ ಹೇಳುವಂತಿಲ್ಲದ ಮಾತು

ಅವರ ರಿಯಲ್ ಎಸ್ಟೇಟ್ ಏಜೆಂಟ್ ಒಳ್ಳೆಯ ಹೆಂಗಸು. ಆದರೆ "ಈ ಊರಿನಲ್ಲಿ ಕಪ್ಪು ಕುಟುಂಬಗಳು ಎಷ್ಟಿವೆ?" ಅಂತ ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ. ಅದರಲ್ಲಿ ಅವರ ತಪ್ಪಿಲ್ಲ. 1968ರ ಫೇರ್ ಹೌಸಿಂಗ್ ಕಾಯ್ದೆ ಪ್ರಕಾರ ಜನಾಂಗ ನೋಡಿ ಗಿರಾಕಿಯನ್ನು ಒಂದು ಕಡೆಗೆ ತಳ್ಳುವುದು, ಇನ್ನೊಂದು ಕಡೆಯಿಂದ ದೂರ ಇಡುವುದು ಕಾನೂನಿಗೆ ವಿರುದ್ಧ. ಇಲ್ಲಿ ಅದನ್ನು ಸ್ಟೀರಿಂಗ್ ಅನ್ನುತ್ತಾರೆ. ಹಾಗಾಗಿ ಎಚ್ಚರದ ಏಜೆಂಟರು "ನೀವೇ ಹೋಗಿ ನೋಡಿ, ಜನಗಣತಿ ಅಂಕಿ ಇಂಟರ್ನೆಟ್ಟಿನಲ್ಲಿದೆ" ಅಂತ ಹೇಳಿ ಸುಮ್ಮನಾಗುತ್ತಾರೆ.

ಆ ಕಾಯ್ದೆ ಸುಮ್ನೆ ಬಂದದ್ದಲ್ಲ. ಡಾಕ್ಟರ್ ಮಾರ್ಟಿನ್ ಲೂಥರ್ ಕಿಂಗ್ 1966ರಲ್ಲಿ ಶಿಕಾಗೋದಲ್ಲಿ ಮನೆಗಳ ಹಕ್ಕಿಗಾಗಿ ಮೆರವಣಿಗೆ ಮಾಡಿದಾಗ ಮಾರ್ಕೆಟ್ ಪಾರ್ಕ್ (Marquette Park) ಅನ್ನುವ ಬಡಾವಣೆಯಲ್ಲಿ ಅವರ ತಲೆಗೆ ಕಲ್ಲು ಬಿತ್ತು. ಎರಡು ವರ್ಷ ಮಸೂದೆ ಎಳೆದಾಡಿತು. 1968ರ ಏಪ್ರಿಲ್ 4ಕ್ಕೆ ಅವರನ್ನು ಕೊಂದರು, ಏಪ್ರಿಲ್ 11ಕ್ಕೆ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದರು. ನಾವು ಇಂಡಿಯಾದವರು ಈ ಎರಡು ತಾರೀಖುಗಳನ್ನು ನೆನಪಿಡಬೇಕು. ನಮಗೆ ಈ ದೇಶದ ಬಾಗಿಲು ತೆರೆದ 1965ರ ವಲಸೆ ಕಾಯ್ದೆಯೂ ಅದೇ ಹೋರಾಟದ ಗಾಳಿಯಲ್ಲಿ ಬಂದದ್ದು. ಹಳೇ ಮನೆಪತ್ರಗಳಲ್ಲಿ "ಬಿಳಿಯರಿಗಲ್ಲದೆ ಬೇರೆಯವರಿಗೆ ಮಾರುವಂತಿಲ್ಲ" ಅನ್ನುವ ಷರತ್ತು ಇರುತ್ತಿತ್ತು. ಆ ಷರತ್ತಿನಲ್ಲಿ ನಮಗೂ ಜಾಗ ಇರಲಿಲ್ಲ. ಇವತ್ತು ನಾವು ಸಬರ್ಬಿನಲ್ಲಿ, ಅಂದರೆ ನಗರದ ಹೊರವಲಯದ ಊರಿನಲ್ಲಿ, ನಾಲ್ಕು ಬೆಡ್‌ರೂಮಿನ ಮನೆ ಮಾಡಿ ಸತ್ಯನಾರಾಯಣ ಪೂಜೆ ಮಾಡಿಸುತ್ತೇವೆ ಅಂದರೆ ಅದಕ್ಕೆ ಬೆಲೆ ಕೊಟ್ಟವರು ಬೇರೆಯವರು.

ಕಾನೂನು ಬಂದ ಮೇಲೂ ತಳ್ಳಾಟ ನಿಲ್ಲಲಿಲ್ಲ. ಶಿಕಾಗೋ ಪಶ್ಚಿಮಕ್ಕಿರುವ ಬೆಲ್‌ವುಡ್ ಅನ್ನುವ ಪುಟ್ಟ ಊರು ಏಜೆಂಟರ ಮೇಲೆ ಕೇಸು ಹಾಕಿತು. ಕಪ್ಪು ಗಿರಾಕಿಗಳನ್ನು ಊರಿನ ಒಂದೇ ಭಾಗಕ್ಕೆ ಕರೆದುಕೊಂಡು ಹೋಗುತ್ತಾರೆ, ಬಿಳಿಯರಿಗೆ ಆ ಭಾಗ ತೋರಿಸುವುದೇ ಇಲ್ಲ ಅನ್ನುವುದು ದೂರು. 1979ರಲ್ಲಿ ಸುಪ್ರೀಂ ಕೋರ್ಟು, ಇದರಿಂದ ಇಡೀ ಊರಿಗೇ ನಷ್ಟ ಆಗುತ್ತದೆ, ಕೇಸು ಹಾಕುವ ಹಕ್ಕು ಊರಿಗಿದೆ ಅಂದಿತು. ಅದೆಲ್ಲ ಹಳೇ ಕಥೆ ಅನ್ನುವ ಹಾಗೂ ಇಲ್ಲ. ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ನ್ಯೂಸ್‌ಡೇ ಪತ್ರಿಕೆ ಗುಟ್ಟಾಗಿ ಗಿರಾಕಿಗಳನ್ನು ಏಜೆಂಟರ ಹತ್ತಿರ ಕಳಿಸಿ ನೋಡಿತು. 2019ರಲ್ಲಿ ಬಂದ ಆ ವರದಿಯ ಪ್ರಕಾರ ಕಪ್ಪು ಗಿರಾಕಿಗಳಿಗೆ ಶೇಕಡಾ 49 ಸಲ, ಹಿಸ್ಪಾನಿಕ್ ಗಿರಾಕಿಗಳಿಗೆ ಶೇಕಡಾ 39 ಸಲ, ಏಷ್ಯಾದವರಿಗೆ ಶೇಕಡಾ 19 ಸಲ ಬೇರೆ ಥರದ ಉಪಚಾರ ಸಿಕ್ಕಿತ್ತು. ಆ 19ರಲ್ಲಿ ನಾವೂ ಇದ್ದೇವೆ.

ಗೆಳೆಯನಿಗೆ ಇದೆಲ್ಲ ನಾನು ಹೇಳಿ ತಿಳಿಯಬೇಕಾದ್ದು ಏನಿರಲಿಲ್ಲ. ಅವನ ಅಜ್ಜ ಅಜ್ಜಿ ಇದರಲ್ಲೇ ಬದುಕಿದವರು. ಹಾಗಾಗಿ ಕಾಗದದ ಮೇಲಿನ ಕೆಲಸ ಅವನೇ ಮಾಡುತ್ತಿದ್ದ. ಜನಗಣತಿ ಅಂಕಿಗಳನ್ನು ಅವನು ನೋಡುತ್ತಿದ್ದ ರೀತಿ ನನಗೆ ಹೊಸದು. ಬರೀ 2020ರ ಅಂಕಿ ನೋಡುತ್ತಿರಲಿಲ್ಲ. 1990, 2000, 2010, 2020 ನಾಲ್ಕನ್ನೂ ಪಕ್ಕಪಕ್ಕ ಇಟ್ಟುಕೊಳ್ಳುತ್ತಿದ್ದ. "ಇವತ್ತು ಅರ್ಧ ಅರ್ಧ ಇರುವ ಊರು ಎಷ್ಟೋ ಇದೆ. ಅದರಲ್ಲಿ ಕೆಲವು ಹಾಗೇ ಇರೋಕೆ ಕಷ್ಟಪಡ್ತಿವೆ. ಕೆಲವು ಬಿಳಿಯರು ಖಾಲಿ ಮಾಡ್ತಿರೋ ಮಧ್ಯದಲ್ಲಿ ತೆಗೆದ ಫೋಟೋ ಅಷ್ಟೇ" ಅಂದ. ಈ ಮಾತು ಕೇಳಿದ ಮೇಲೆ "ಡೈವರ್ಸ್ ಸಬರ್ಬ್" ಅನ್ನುವ ಪಟ್ಟಿಗಳನ್ನು ಮೊದಲಿನ ಹಾಗೆ ನೋಡುವುದು ನನ್ನಿಂದ ಆಗಲಿಲ್ಲ.

ಓಕ್ ಪಾರ್ಕಿನ ಮರಗಳು

ಹಾಗೆ ಕಷ್ಟಪಟ್ಟು ಉಳಿದ ಊರು ಅಂದರೆ ಓಕ್ ಪಾರ್ಕ್. ಮೊದಲು ಅಲ್ಲಿಗೇ ಹೋದೆವು, ಒಂದು ಶನಿವಾರ ಬೆಳಿಗ್ಗೆ. ಹೆಮಿಂಗ್ವೇ ಹುಟ್ಟಿದ ಊರು, ಫ್ರಾಂಕ್ ಲಾಯ್ಡ್ ರೈಟ್ ಕಟ್ಟಿದ ಮನೆಗಳ ಊರು ಅಂತ ಪ್ರವಾಸಿಗರು ಬರುತ್ತಾರೆ. ಗೆಳೆಯನ ಹೆಂಡತಿಗೆ ನೋಡಬೇಕಾಗಿದ್ದದ್ದು ಇನ್ನೊಂದು ಮನೆ. ಈಸ್ಟ್ ಅವೆನ್ಯೂನಲ್ಲಿ, ದೊಡ್ಡ ಮರಗಳ ಕೆಳಗೆ, ಪರ್ಸಿ ಜೂಲಿಯನ್ ಅವರ ಮನೆ.

ಪರ್ಸಿ ಜೂಲಿಯನ್ ದೊಡ್ಡ ರಸಾಯನ ವಿಜ್ಞಾನಿ. ಗುಲಾಮರಾಗಿದ್ದವರ ಮೊಮ್ಮಗ. ಸೋಯಾಬೀನಿನಿಂದ ಹಾರ್ಮೋನು ತಯಾರಿಸುವ ದಾರಿ ಕಂಡುಹಿಡಿದು ಔಷಧಿಗಳನ್ನು ಅಗ್ಗ ಮಾಡಿದವರು. 1950ರಲ್ಲಿ ಈ ಮನೆ ಕೊಂಡರು. ಕುಟುಂಬ ಒಳಗೆ ಕಾಲಿಡುವ ಮೊದಲೇ, ಥ್ಯಾಂಕ್ಸ್‌ಗಿವಿಂಗ್ ದಿನ, ಯಾರೋ ಬೆಂಕಿ ಹಚ್ಚಲು ನೋಡಿದರು. ಮುಂದಿನ ವರ್ಷ ಡೈನಮೈಟ್ ಎಸೆದರು. ಅಪ್ಪ ಮಗ ರಾತ್ರಿ ಹೊತ್ತು ಬಂದೂಕು ಹಿಡಿದು ಅಂಗಳದಲ್ಲಿ ಕಾವಲು ಕೂತರು. ಊರು ಬಿಟ್ಟು ಹೋಗಲಿಲ್ಲ. ಇವತ್ತು ಓಕ್ ಪಾರ್ಕಿನ ಒಂದು ಮಿಡಲ್ ಸ್ಕೂಲಿಗೆ ಅವರ ಹೆಸರಿದೆ.

ನರ್ಸ್ ಆದ್ದರಿಂದ ಆಕೆಗೆ ಜೂಲಿಯನ್ ಹೆಸರು ಓದಿನ ದಿನಗಳಿಂದ ಗೊತ್ತು. ರಸ್ತೆಯ ಆಚೆ ನಿಂತು ತುಂಬ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಇಷ್ಟೆಲ್ಲ ಓದಿ, ಇಷ್ಟೆಲ್ಲ ಕಂಡುಹಿಡಿದು, ಮನೆ ಕೊಂಡ ಮೇಲೆ ನಿದ್ದೆಗೆಟ್ಟು ಕಾವಲು ಕೂರಬೇಕು" ಅಂದರು. ಮಗಳು ಅಲ್ಲೇ ಫುಟ್‌ಪಾತ್ ಮೇಲೆ ಚಾಕ್‌ನಲ್ಲಿ ಯಾರೋ ಬರೆದಿದ್ದ ಕುಂಟೆಬಿಲ್ಲೆ ಚೌಕದಲ್ಲಿ ಕುಣಿಯುತ್ತಿದ್ದಳು. ಪಕ್ಕದ ಮನೆಯ ಬಿಳಿ ಅಜ್ಜಿ ನಾಯಿ ಹಿಡಿದುಕೊಂಡು ಬಂದು "ಮನೆ ಹುಡುಕ್ತಿದ್ದೀರಾ? ಬನ್ನಿ, ಒಳ್ಳೆ ಬೀದಿ" ಅಂದರು. ಅವರ ದನಿಯಲ್ಲಿ ನಾಟಕ ಇರಲಿಲ್ಲ. ಅದನ್ನು ಆಕೆ ಗಮನಿಸಿದರು, ನಾನೂ ಗಮನಿಸಿದೆ.

ಆ ಅಜ್ಜಿ ಹಾಗೆ ಮಾತಾಡುವಂತಾಗಲು ಐವತ್ತು ವರ್ಷದ ಕೆಲಸ ಹಿಂದಿದೆ. ಓಕ್ ಪಾರ್ಕಿನ ಪೂರ್ವದ ಗಡಿ ಆಸ್ಟಿನ್ ಬುಲೆವಾರ್ಡ್. ರಸ್ತೆ ದಾಟಿದರೆ ಶಿಕಾಗೋದ ಆಸ್ಟಿನ್ ಬಡಾವಣೆ. 1960, 70ರ ದಶಕದಲ್ಲಿ ದಲ್ಲಾಳಿಗಳು ಅಲ್ಲಿ ಮನೆಮನೆಗೆ ಹೋಗಿ "ಕಪ್ಪು ಜನ ಬರ್ತಿದ್ದಾರೆ, ರೇಟು ಬೀಳೋ ಮೊದಲು ಮಾರಿಬಿಡಿ" ಅಂತ ಬಿಳಿಯರನ್ನು ಹೆದರಿಸಿದರು. ಕಡಿಮೆಗೆ ಕೊಂಡರು, ಕಪ್ಪು ಕುಟುಂಬಗಳಿಗೆ ಜಾಸ್ತಿಗೆ ಮಾರಿದರು. ಕೆಲವೇ ವರ್ಷದಲ್ಲಿ ಬೀದಿಗೆ ಬೀದಿಯೇ ಬದಲಾಯಿತು. ಬ್ಯಾಂಕುಗಳು, ಅಂಗಡಿಗಳು ಹಿಂದೆಯೇ ಜಾಗ ಖಾಲಿ ಮಾಡಿದವು. ಓಕ್ ಪಾರ್ಕು ಅದನ್ನು ಕಣ್ಣೆದುರಿಗೆ ನೋಡಿತು. 1968ರಲ್ಲಿ ಊರಿನದೇ ಮುಕ್ತ ವಸತಿ ಕಾನೂನು ತಂದಿತು. 1972ರಲ್ಲಿ ಬಾಬಿ ರೇಮಂಡ್ ಅನ್ನುವ ಮಹಿಳೆ ಹೌಸಿಂಗ್ ಸೆಂಟರ್ ಶುರು ಮಾಡಿದರು. ಬಾಡಿಗೆಗೆ ಬಂದ ಬಿಳಿಯರನ್ನು ಪೂರ್ವದ ಕಡೆಯ ಮನೆಗಳನ್ನೂ ನೋಡಿ ಅಂತ, ಕಪ್ಪು ಜನರನ್ನು ಊರಿನ ಉಳಿದ ಭಾಗಗಳನ್ನೂ ನೋಡಿ ಅಂತ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಒಪ್ಪಿಸುವುದು ಆ ಕೇಂದ್ರದ ಕೆಲಸ. "ಮಾರಾಟಕ್ಕಿದೆ" ಬೋರ್ಡು ಸಾಲಾಗಿ ಕಂಡರೆ ಜನ ಹೆದರುತ್ತಾರೆ ಅಂತ ಬೋರ್ಡನ್ನೇ ನಿಷೇಧಿಸಿದರು. ಅಂಥ ನಿಷೇಧ ಮಾತಿನ ಸ್ವಾತಂತ್ರ್ಯಕ್ಕೆ ವಿರುದ್ಧ ಅಂತ 1977ರಲ್ಲಿ ಸುಪ್ರೀಂ ಕೋರ್ಟು ನ್ಯೂಜೆರ್ಸಿಯ ಇನ್ನೊಂದು ಊರಿನ ಕೇಸಿನಲ್ಲಿ ಹೇಳಿತು. ಆಮೇಲೂ ಓಕ್ ಪಾರ್ಕಿನ ಏಜೆಂಟರು ತಾವಾಗಿಯೇ ಬೋರ್ಡು ಹಾಕದೆ ದಶಕಗಟ್ಟಲೆ ನಡೆಸಿದರು. 1978ರಲ್ಲಿ ಮನೆ ಬೆಲೆ ಬಿದ್ದರೆ ನಷ್ಟ ತುಂಬಿಕೊಡುವ ವಿಮೆಯನ್ನೂ ಊರೇ ತಂದಿತು. ಇವತ್ತು ಊರಿನ ಸುಮಾರು 54 ಸಾವಿರ ಜನರಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಬ್ಬರು ಕಪ್ಪು ಜನ. ಈ ಪ್ರಮಾಣ ಬಹಳ ವರ್ಷದಿಂದ ಹಾಗೇ ನಿಂತಿದೆ.

ಬೆರೆತು ಬದುಕುವುದು ತಾನಾಗಿಯೇ ಆಗುತ್ತದೆ ಅಂತ ನಂಬುವವರು ಈ ಒಂದು ರಸ್ತೆಯ ಎರಡು ಬದಿ ನೋಡಬೇಕು. ಸುಮ್ಮನೆ ಬಿಟ್ಟ ಕಡೆ ಏನಾಯಿತು, ಹಟ ಹಿಡಿದು ಕಾಪಾಡಿದ ಕಡೆ ಏನಾಯಿತು ಅನ್ನುವುದು ಆಸ್ಟಿನ್ ಬುಲೆವಾರ್ಡ್ ಮೇಲೆ ನಿಂತರೆ ಕಾಣುತ್ತದೆ.

ಆದರೆ ಮನೆ ರೇಟು? ಮೂರು ಲಕ್ಷಕ್ಕೆ ಅಲ್ಲಿ ಅಪಾರ್ಟ್‌ಮೆಂಟು ಸಿಗಬಹುದು, ಇಬ್ಬರು ಮಕ್ಕಳ ಕುಟುಂಬಕ್ಕೆ ಸಾಲುವ ಮನೆ ಸಿಗುವುದಿಲ್ಲ. ಮೇಲೆ ಆಸ್ತಿ ತೆರಿಗೆ ಬೇರೆ. ಐವತ್ತು ವರ್ಷ ಊರನ್ನು ಎಲ್ಲರಿಗೂ ತೆರೆದಿಟ್ಟದ್ದರ ಫಲವಾಗಿ ಎಲ್ಲರೂ ಬಯಸುವ ಊರಾಯಿತು. ಎಲ್ಲರೂ ಬಯಸಿದ್ದರಿಂದ ಕೈಗೆಟುಕದಂತಾಯಿತು. ಗೆಳೆಯನಿಗೆ ಇನ್ನೊಂದು ಅನುಮಾನವೂ ಇತ್ತು. ಹೈಸ್ಕೂಲಿನ ಗೇಟಿನಲ್ಲಿ ಎಲ್ಲ ಬಣ್ಣದ ಮಕ್ಕಳೂ ಒಟ್ಟಿಗೆ ಬರುತ್ತಾರೆ, ಒಳಗೆ ಹೋದ ಮೇಲೆ ಆನರ್ಸ್ ಕ್ಲಾಸಿನಲ್ಲಿ ಯಾರಿರುತ್ತಾರೆ, ಸಾಧಾರಣ ಕ್ಲಾಸಿನಲ್ಲಿ ಯಾರಿರುತ್ತಾರೆ? ಓಕ್ ಪಾರ್ಕಿನ ಹೈಸ್ಕೂಲು ಇದರ ಬಗ್ಗೆ ವರ್ಷಗಟ್ಟಲೆ ಜಗಳ ಆಡಿ, 2022ರಿಂದ ಒಂಬತ್ತನೇ ತರಗತಿಯ ಮಕ್ಕಳನ್ನು ಹೆಚ್ಚಿನ ವಿಷಯಗಳಲ್ಲಿ ಹಾಗೆ ಬೇರ್ಪಡಿಸುವುದನ್ನು ಬಿಟ್ಟಿತು. ಮಕ್ಕಳ ಸ್ಕೂಲು ನೋಡುವ ಎಲ್ಲರೂ ಕೇಳಬೇಕಾದ ಪ್ರಶ್ನೆ ಇದು. ಊರಿನ ಸರಾಸರಿ ಹಿಡಿದುಕೊಂಡು ಏನು ಮಾಡುವುದು, ನಮ್ಮ ಮಗು ಕೂರುವ ಕ್ಲಾಸಿನಲ್ಲಿ ಪಕ್ಕದ ಬೆಂಚಿನಲ್ಲಿ ಯಾರಿದ್ದಾರೆ ಅನ್ನುವುದು ಮುಖ್ಯ ಅಲ್ವಾ?

ಹೋಮ್‌ವುಡ್, ಫ್ಲಾಸ್‌ಮೂರ್, ಮತ್ತು ಒಂದು ತೆರಿಗೆ ಬಿಲ್ಲು

ದಕ್ಷಿಣದ ಸಬರ್ಬುಗಳ ಬಗ್ಗೆ ನಮ್ಮವರು ಮಾತಾಡುವುದು ಕಡಿಮೆ. ನೇಪರ್‌ವಿಲ್ಲಿನಲ್ಲಿ ಹತ್ತು ವರ್ಷ ಇದ್ದವರಿಗೂ ಹೋಮ್‌ವುಡ್ ಎಲ್ಲಿದೆ ಅಂತ ಗೊತ್ತಿರುವುದಿಲ್ಲ. ಡೌನ್‌ಟೌನಿನ ಮಿಲೇನಿಯಮ್ ಸ್ಟೇಷನ್‌ನಿಂದ ಮೆಟ್ರಾ ಎಲೆಕ್ಟ್ರಿಕ್ ರೈಲು ಹತ್ತಿದರೆ ಒಂದು ಗಂಟೆಯೊಳಗೆ ಹೋಮ್‌ವುಡ್, ಅದರ ಮುಂದೆ ಫ್ಲಾಸ್‌ಮೂರ್. ಇಟ್ಟಿಗೆ ಮನೆಗಳು, ಹಳೇ ಮರಗಳು, ಸ್ಟೇಷನ್ ಸುತ್ತ ಪುಟ್ಟ ಪೇಟೆ. ಎರಡೂ ಊರಿಗೆ ಸೇರಿ ಒಂದೇ ಹೈಸ್ಕೂಲು. ಅಲ್ಲಿ ಕಪ್ಪು ಮಕ್ಕಳೇ ಬಹುಪಾಲು, ಬಿಳಿಯರೂ ಇದ್ದಾರೆ, ಹಿಸ್ಪಾನಿಕ್ ಮಕ್ಕಳೂ ಇದ್ದಾರೆ. ಫ್ಲಾಸ್‌ಮೂರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕಪ್ಪು ಕುಟುಂಬಗಳು, ಡಾಕ್ಟರುಗಳು, ವಕೀಲರು, ಮೇಷ್ಟರುಗಳು. ಓಕ್ ಪಾರ್ಕಿನಲ್ಲಿ ಒಂದು ಮನೆಗೆ ಎಷ್ಟು ಕೊಡಬೇಕೋ ಅದರ ಅರ್ಧದ ಆಸುಪಾಸಿನಲ್ಲಿ ಇಲ್ಲಿ ಅಂಥದ್ದೇ ಮನೆ.

ಅವರು ನೋಡಿದ ಒಂದು ಮನೆಯ ಅಡಿಗೆಮನೆಯಲ್ಲಿ ನಾವೆಲ್ಲ ನಿಂತಿದ್ದೆವು. ಮಾರುವವರು ವಯಸ್ಸಾದ ಕಪ್ಪು ದಂಪತಿ, ಮಗಳ ಹತ್ತಿರ ಅಟ್ಲಾಂಟಾಗೆ ಹೋಗುತ್ತಿದ್ದರು. ಸಿಂಕಿನ ಮೇಲಿನ ಕಿಟಕಿಯಲ್ಲಿ ತುಳಸಿಯ ಜಾತಿಯ ಬೇಸಿಲ್ ಗಿಡ, ಗೋಡೆ ಮೇಲೆ ಮಕ್ಕಳ ಎತ್ತರ ಪೆನ್ಸಿಲಿನಲ್ಲಿ ಗುರುತು ಹಾಕಿದ್ದರು, ಪಕ್ಕದಲ್ಲಿ ವರ್ಷ. ಗೆಳೆಯ ಇದ್ಯಾವುದನ್ನೂ ನೋಡದೆ ಕೌಂಟರ್ ಮೇಲೆ ಲಿಸ್ಟಿಂಗಿನ ಹಾಳೆ ಹರಡಿಕೊಂಡು ತೆರಿಗೆಯ ಸಾಲಿನ ಮೇಲೆ ಬೆರಳಿಟ್ಟ. ಎರಡೂವರೆ ಲಕ್ಷದ ಮನೆಗೆ ಆ ಕಡೆ ವರ್ಷಕ್ಕೆ ಎಂಟೊಂಬತ್ತು ಸಾವಿರ ಡಾಲರ್ ತೆರಿಗೆ ಬರುವುದು ಮಾಮೂಲಿ. ಇಲ್ಲಿ ಅರ್ಧಕ್ಕಿಂತ ಕಡಿಮೆ ಇತ್ತು. ಅವನು ಫೋನ್ ತೆಗೆದು ಕೌಂಟಿಯ, ಅಂದರೆ ಇಲ್ಲಿನ ಜಿಲ್ಲಾಡಳಿತದ, ವೆಬ್‌ಸೈಟಿನಲ್ಲಿ ಮನೆ ನಂಬರ್ ಹಾಕಿದ. ವಯಸ್ಸಾದವರಿಗೆ ಸಿಗುವ ಸೀನಿಯರ್ ಫ್ರೀಜ್ ವಿನಾಯಿತಿ ಇತ್ತು. ಮನೆ ಕೈ ಬದಲಾದರೆ ಅದು ಹೋಗುತ್ತದೆ. ಹೊಸಬರಿಗೆ ಪೂರ್ತಿ ಬಿಲ್ಲು ಬರುತ್ತದೆ. ತಿಂಗಳ ಕಂತಿಗೆ ನಾನೂರು ಡಾಲರ್ ಜಾಸ್ತಿ ಸೇರಿಸಿ ಹೊಸದಾಗಿ ಲೆಕ್ಕ ಹಾಕಿದ. ಇಲಿನಾಯ್‌ನಲ್ಲಿ ಮನೆ ಕೊಳ್ಳುವ ಯಾರೇ ಇರಲಿ, ಬಿಲ್ಲಿನ ಮೊತ್ತ ನೋಡಿ ಸುಮ್ಮನಾಗಬೇಡಿ, ಯಾವ ಯಾವ ವಿನಾಯಿತಿ ಕಳೆದು ಆ ಮೊತ್ತ ಬಂದಿದೆ ಅಂತ ನೋಡಿ.

ವಾಪಸ್ ಬರುವಾಗ ಕಾರಿನಲ್ಲಿ ನನ್ನನ್ನು ಕೊರೆಯುತ್ತಿದ್ದದ್ದು ಒಂದೇ ಪ್ರಶ್ನೆ. ಇಷ್ಟು ಒಳ್ಳೆ ಮನೆ, ಇಷ್ಟು ಒಳ್ಳೆ ಊರು, ರೈಲು ಇದೆ, ಓದಿದ ಜನ ಇದ್ದಾರೆ. ಯಾಕೆ ಇಷ್ಟು ಅಗ್ಗ?

ಬ್ರೂಕಿಂಗ್ಸ್ ಸಂಶೋಧನಾ ಸಂಸ್ಥೆಯ ಆಂಡ್ರೆ ಪೆರ್ರಿ ಮತ್ತು ಸಂಗಡಿಗರು 2018ರಲ್ಲಿ ಇದಕ್ಕೆ ಲೆಕ್ಕ ಕೊಟ್ಟಿದ್ದಾರೆ. ಮನೆಯ ಗುಣಮಟ್ಟ, ಬಡಾವಣೆಯ ಸೌಲಭ್ಯ ಎಲ್ಲ ಒಂದೇ ಥರ ಇದ್ದರೂ, ಕಪ್ಪು ಜನ ಬಹುಪಾಲು ಇರುವ ಬಡಾವಣೆಯ ಮನೆಗೆ ಸರಾಸರಿ ಶೇಕಡಾ 23 ಕಡಿಮೆ ಬೆಲೆ ಕಟ್ಟಲಾಗುತ್ತದೆ. ಒಂದು ಮನೆಗೆ ಸುಮಾರು 48 ಸಾವಿರ ಡಾಲರ್. ದೇಶಕ್ಕೆಲ್ಲ ಸೇರಿಸಿದರೆ 15,600 ಕೋಟಿ ಡಾಲರ್. ಅಂದರೆ ಗೆಳೆಯನಿಗೆ ಸಿಗುವ ಆ "ಅಗ್ಗ", ಅಟ್ಲಾಂಟಾಗೆ ಹೊರಟ ಆ ದಂಪತಿಗೆ ನಷ್ಟ. ಮುಂದೊಂದು ದಿನ ಗೆಳೆಯನೇ ಮಾರಬೇಕಾದರೆ ಅವನಿಗೂ ನಷ್ಟ. ಮನೆ ಗೋಡೆ, ತಾರಸಿ, ಅಂಗಳ ಎಲ್ಲ ಅದೇ. ಅಕ್ಕಪಕ್ಕ ಯಾರಿದ್ದಾರೆ ಅಂತ ನೋಡಿ ಬೆಲೆ ಬೀಳುತ್ತದೆ.

ಹಾಗಾದರೆ ತೆರಿಗೆ ಕಡಿಮೆ ಬರಬೇಕಲ್ವಾ? ಇಲ್ಲ, ಉಲ್ಟಾ. ಇಲ್ಲಿ ಸ್ಕೂಲು ನಡೆಯುವುದೇ ಹೆಚ್ಚಾಗಿ ಆಸ್ತಿ ತೆರಿಗೆಯಿಂದ. ಊರಿನಲ್ಲಿ ದೊಡ್ಡ ಅಂಗಡಿ, ಆಫೀಸು, ಕಾರ್ಖಾನೆ ಇದ್ದರೆ ಅವು ಹೊರೆ ಹೊರುತ್ತವೆ. ದಕ್ಷಿಣದ ಊರುಗಳಿಂದ ಉಕ್ಕಿನ ಕಾರ್ಖಾನೆಗಳು ಹೋದವು, ಅಂಗಡಿಗಳೂ ಹೋದವು. ಮ್ಯಾಟಿಸನ್ ಊರಿನ ಲಿಂಕನ್ ಮಾಲ್ 2015ರಲ್ಲಿ ಬಾಗಿಲು ಹಾಕಿತು. ಜನರ ಕೈಯಲ್ಲಿ ದುಡ್ಡಿದೆ, ಆದರೆ ಅಂಗಡಿಯವರು ಬರುವುದಿಲ್ಲ. ಆ ಹೊರೆ ಪೂರ್ತಿ ಮನೆಗಳ ಮೇಲೆ. ಬೆಲೆ ಕಡಿಮೆ ಇರುವುದರಿಂದ ಅಷ್ಟೇ ದುಡ್ಡು ಎತ್ತಲು ತೆರಿಗೆ ದರ ಏರಿಸಬೇಕು. ದರ ಏರಿದರೆ ಕೊಳ್ಳುವವರು ಹಿಂದೆ ಸರಿಯುತ್ತಾರೆ, ಬೆಲೆ ಮತ್ತೆ ಬೀಳುತ್ತದೆ.

ಇದು ಸಾಲದು ಅಂತ ಕೌಂಟಿಯ ಲೆಕ್ಕವೇ ವರ್ಷಗಟ್ಟಲೆ ವಕ್ರವಾಗಿತ್ತು. ಕುಕ್ ಕೌಂಟಿಯಲ್ಲಿ ಕಡಿಮೆ ಬೆಲೆಯ ಮನೆಗಳಿಗೆ ಇರುವುದಕ್ಕಿಂತ ಜಾಸ್ತಿ ಮೌಲ್ಯ, ದೊಡ್ಡ ಮನೆಗಳಿಗೆ ಇರುವುದಕ್ಕಿಂತ ಕಡಿಮೆ ಮೌಲ್ಯ ಕಟ್ಟುತ್ತಿದ್ದರು ಅಂತ ಶಿಕಾಗೋ ಟ್ರಿಬ್ಯೂನ್ 2017ರಲ್ಲಿ ಅಂಕಿ ಸಮೇತ ತೋರಿಸಿತು. ಮುಂದಿನ ವರ್ಷದ ಚುನಾವಣೆಯಲ್ಲಿ ಜನ ಹಾಗೆ ಮೌಲ್ಯ ಕಟ್ಟುತ್ತಿದ್ದ ಅಧಿಕಾರಿಯನ್ನು, ಕೌಂಟಿಯ ಅಸೆಸರ್‌ನನ್ನು, ಸೋಲಿಸಿದರು. ಆದರೂ 2024ರಲ್ಲಿ ದಕ್ಷಿಣದ ಸಬರ್ಬುಗಳಿಗೆ ಬಂದ ಬಿಲ್ಲುಗಳಲ್ಲಿ ಮಧ್ಯಮ ಮನೆಯ ತೆರಿಗೆ ಸುಮಾರು ಶೇಕಡಾ 20 ಏರಿತ್ತು.

ಹೋದವರು, ಉಳಿದವರು

ಇದೇ ಮ್ಯಾಟಿಸನ್ ಊರಿನ ಕಥೆ ಗೆಳೆಯ ನನಗೆ ಹೇಳಿದ್ದು. 1990ರ ಹೊತ್ತಿಗೆ ಅಲ್ಲಿ ಕಪ್ಪು ಜನ ಅರ್ಧಕ್ಕೆ ಹತ್ತಿರ ಬಂದಿದ್ದರು. ಬಂದವರೂ ಒಳ್ಳೆ ಕೆಲಸದಲ್ಲಿದ್ದ ಮಧ್ಯಮ ವರ್ಗದವರೇ. 1990ರ ದಶಕದ ನಡುವೆ ಊರಿನ ಆಡಳಿತ ಬಿಳಿಯರನ್ನು ಕರೆಯಲು ಜಾಹೀರಾತು ಕೊಟ್ಟಿತು. ಊರು ಬೆರೆತೇ ಇರಲಿ ಅನ್ನುವುದು ಉದ್ದೇಶ. ಆದರೆ ಅಲ್ಲಿದ್ದ ಕಪ್ಪು ಕುಟುಂಬಗಳಿಗೆ ನೋವಾಯಿತು: ನಾವು ಬಂದರೆ ಊರು ಕೆಟ್ಟಿತು ಅಂತಲಾ? ಬಿಳಿಯರು ಬರಲಿಲ್ಲ. ಇವತ್ತು ಅಲ್ಲಿ ಹತ್ತರಲ್ಲಿ ಎಂಟು ಜನ ಕಪ್ಪು ಜನ. ಊರು ಕೆಟ್ಟಿಲ್ಲ, ಚೆನ್ನಾಗೇ ಇದೆ. ಹೋಗಿದ್ದು ಅಂಗಡಿಗಳು, ಬೆಲೆ, ಮತ್ತು ಬೇರೆಯವರ ಆಸಕ್ತಿ.

ಈ ವಿಷಯದಲ್ಲಿ ಗಂಡ ಹೆಂಡತಿ ಇಬ್ಬರೂ ಒಂದೇ ಮನಸ್ಸಿನವರಲ್ಲ. ಊಟದ ಮೇಜಿನ ಮೇಲೆ ನನ್ನೆದುರಿಗೇ ವಾದ ಆಯಿತು. ಅವನು ಹೇಳುವುದು, ಬೆರೆತ ಊರೇ ಬೇಕು, ಮಕ್ಕಳು ದೊಡ್ಡವರಾದ ಮೇಲೆ ಎಲ್ಲರ ಜೊತೆ ಕೆಲಸ ಮಾಡಬೇಕು. ಆಕೆ ಚಿಕ್ಕವರಿದ್ದಾಗ ಇಡೀ ಕ್ಲಾಸಿಗೆ ಒಬ್ಬರೇ ಕಪ್ಪು ಹುಡುಗಿ. ಗುಲಾಮಗಿರಿಯ ಪಾಠ ಬಂದ ದಿನ ಎಲ್ಲರೂ ತಿರುಗಿ ತನ್ನನ್ನೇ ನೋಡಿದ್ದನ್ನು ಹೇಳಿದರು. ಮೂವತ್ತು ವರ್ಷ ಆದ ಮೇಲೂ ಆ ಹುಡುಗರ ಹೆಸರು ನೆನಪಿದೆ. "ನನ್ನ ಮಗಳ ಕೂದಲನ್ನು ಯಾರೂ ಮುಟ್ಟಿ ನೋಡಬಾರದು. ಅವಳ ಟೀಚರ್ ಅವಳಿಗೆ ಕನ್ನಡಿಯಲ್ಲಿ ಕಾಣೋ ಮುಖದ ಹಾಗಿರಬೇಕು, ವರ್ಷಕ್ಕೆ ಒಬ್ಬರಾದರೂ. ಡೈವರ್ಸಿಟಿ ಅಂತ ನನ್ನ ಮಗುವನ್ನೇ ಬೇರೆಯವರ ಮಕ್ಕಳಿಗೆ ಪಾಠ ಮಾಡೋಕೆ ಕಳಿಸಲ್ಲ" ಅಂದರು. ಅವನು ಸುಮ್ಮನಾದ. ಈ ಮಾತಿಗೆ ಎದುರು ಹೇಳುವ ಹಕ್ಕು ನನಗಂತೂ ಇಲ್ಲ. ಎಲ್ಲ ಥರದ ಜನ ಇರಬೇಕು ಅನ್ನುವಾಗ ನಾವು ಸಾಮಾನ್ಯವಾಗಿ ಯೋಚಿಸುವುದು ನಮ್ಮ ಮಕ್ಕಳಿಗೆ ಏನು ಸಿಗುತ್ತದೆ ಅಂತ. ಆ ಥರಾವರಿಯಲ್ಲಿ ಒಂಟಿಯಾಗಿ ನಿಲ್ಲುವ ಮಗುವಿನ ಕಡೆಯಿಂದ ಯೋಚಿಸುವುದು ಆಕೆಯಿಂದ ಕಲಿತದ್ದು.

ಹೋದ ಸಲ ಕನ್ನಡ ಕೂಟದ ಊಟದ ಸಾಲಿನಲ್ಲಿ ಈ ಮನೆ ಹುಡುಕಾಟದ ಮಾತು ಬಂತು. ಹೋಮ್‌ವುಡ್ ಅಂದ ಕೂಡಲೇ ಒಬ್ಬರು "ಆ ಕಡೆನಾ? ಸೇಫಾ?" ಅಂದರು. ಅವರು ಆ ಊರಿಗೆ ಒಂದು ದಿನವೂ ಹೋದವರಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ "ನೀವು ಯಾವ ಜನ?" ಅನ್ನುವ ಪ್ರಶ್ನೆ ಕೇಳಿಸಿಕೊಂಡವರು, ಗೇಟಿನ ಮೇಲೆ "ಸಸ್ಯಾಹಾರಿಗಳಿಗೆ ಮಾತ್ರ" ಅಂತ ಓದಿ ವಾಪಸ್ ಬಂದವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ಆ ಪ್ರಶ್ನೆ ಕೇಳಿದವರೂ ಇದ್ದಾರೆ. ಇಲ್ಲಿ ನಮಗೆ ಯಾರೂ ಹಾಗೆ ಮುಖದ ಮೇಲೆ ಕೇಳುವುದಿಲ್ಲ. ಆದರೆ ಸ್ಕೂಲಿನ ರೇಟಿಂಗ್ ಹತ್ತಕ್ಕೆ ಎಂಟಕ್ಕಿಂತ ಕೆಳಗಿನ ಊರುಗಳನ್ನು ಫೋನಿನಲ್ಲಿ ಬೆರಳಾಡಿಸಿ ತೆಗೆದುಹಾಕುವಾಗ, ಆ ರೇಟಿಂಗ್ ಬಹುಪಾಲು ಅಳೆಯುವುದು ಅಲ್ಲಿನ ಕುಟುಂಬಗಳ ಸಂಬಳವನ್ನು ಅಂತ ಎಷ್ಟು ಜನ ಯೋಚಿಸುತ್ತೇವೆ? ಒಳ್ಳೆ ಸಂಬಳದ ಸಾವಿರಾರು ಇಂಡಿಯನ್ ಕುಟುಂಬಗಳು ಒಂದೇ ಕಡೆ ಗುಂಪುಗಟ್ಟಿದರೆ ಅಲ್ಲಿ ಮನೆ ಬೆಲೆ ಏರುತ್ತದೆ. ಯಾವ ಕಡೆಗೆ ತಿರುಗಿಯೂ ನೋಡುವುದಿಲ್ಲವೋ ಅಲ್ಲಿ ಬೀಳುತ್ತದೆ. ಆ ಶೇಕಡಾ 23ರಲ್ಲಿ ನಮ್ಮ ಬೆರಳೂ ಇದೆ.

ದೇವಸ್ಥಾನದ ಹತ್ತಿರ ಇರಬೇಕು, ನಮ್ಮ ಮಾತಾಡುವವರು ಬೇಕು ಅನ್ನುವ ಆಸೆ ತಪ್ಪಲ್ಲ. ಆಕೆ ಮಗಳಿಗಾಗಿ ಕೇಳುತ್ತಿರುವುದೂ ಅದನ್ನೇ. ಆದರೆ ನಮ್ಮವರಲ್ಲಿ ಹತ್ತು ಕುಟುಂಬಗಳು ಫ್ಲಾಸ್‌ಮೂರ್ ಕಡೆ ಹೋದರೂ ಲೆಮಾಂಟಿನ ರಾಮನ ಗುಡಿ ಕಾರಿನಲ್ಲಿ ಮುಕ್ಕಾಲು ಗಂಟೆಯೊಳಗೇ ಇದೆ. ಅರ್ಧ ಬೆಲೆಗೆ ಮನೆ, ಡೌನ್‌ಟೌನಿಗೆ ನೇರ ರೈಲು. ಇದನ್ನು ಉಪಕಾರ ಅಂತ ಮಾಡಬೇಕಾಗಿಲ್ಲ, ಲೆಕ್ಕ ಹಾಕಿ ನೋಡಿದರೂ ಸಾಕು.

ಗೆಳೆಯನ ಕುಟುಂಬ ಕೊನೆಗೆ ಹೋಮ್‌ವುಡ್‌ನಲ್ಲಿ ಮನೆ ಕೊಂಡಿತು. ಆ ಪೆನ್ಸಿಲ್ ಗುರುತಿನ ಮನೆಯಲ್ಲ, ಸ್ಟೇಷನ್‌ಗೆ ನಡೆದು ಹೋಗುವಷ್ಟು ಹತ್ತಿರದ ಇನ್ನೊಂದು. ಒಪ್ಪಂದಕ್ಕೆ ಮೊದಲು ಗಂಡ ಹೆಂಡತಿ ಇಬ್ಬರೂ ರಜೆ ಹಾಕಿ ಬಂದು, ಶಾಲೆ ಬಿಡುವ ಹೊತ್ತಿಗೆ ಗೇಟಿನ ಎದುರು ಕಾರು ನಿಲ್ಲಿಸಿ ಕೂತರು. ಯಾವ ಟೀಚರು ಯಾವ ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಾರೆ ಅಂತ ಆಕೆ ನೋಡುತ್ತಿದ್ದರಂತೆ. ಸಂಜೆ ಅದೇ ರಸ್ತೆಯಲ್ಲಿ ಇಬ್ಬರೂ ನಡೆದರು. ತೆರಿಗೆ ಪೂರ್ತಿ ಬಿಲ್ಲಿನ ಲೆಕ್ಕದಲ್ಲೇ ಬಜೆಟ್ ಮಾಡಿದರು. ಮೌಲ್ಯ ಜಾಸ್ತಿ ಕಟ್ಟಿದ್ದಾರೆ ಅಂತ ಕೌಂಟಿಗೆ ಮೇಲ್ಮನವಿಯನ್ನೂ ಹಾಕಿದ್ದಾರೆ, ಇನ್ನೂ ಉತ್ತರ ಬಂದಿಲ್ಲ. ಮಗ ಹೈಸ್ಕೂಲಿನ ಕ್ರಾಸ್ ಕಂಟ್ರಿ ತಂಡ ಸೇರಿದ್ದಾನೆ, ಸಂಜೆ ತಂಡದ ಹುಡುಗರ ಜೊತೆ ಓಡುತ್ತಾನೆ. ಒಬ್ಬನೇ ಓಡುವ ದಿನ ಮಾತ್ರ ಹೊರಡುವಾಗ, ಬಂದ ಮೇಲೆ ಅಮ್ಮನಿಗೆ ಮೆಸೇಜ್ ಹಾಕಬೇಕು ಅನ್ನುವ ನಿಯಮ ಇನ್ನೂ ಇದೆ. ಅದನ್ನು ಯಾವ ಊರಿಗೆ ಹೋದರೂ ತೆಗೆಯುವುದಿಲ್ಲ ಅಂತ ಆಕೆ ಹೇಳಿದ್ದಾರೆ.